ಹಸಿರು ಗುರುತು ಬಂದರೆ ಮದ್ದು ಅಸಲಿಯಾ? ಕುಂಬಳೆಯ ಫಾರ್ಮಸಿಸ್ಟ್ ಅಕ್ಕನ ಜೊತೆ ಪ್ರಶ್ನೋತ್ತರ

ಪೆರ್ಲದ ಸದಸ್ಯೆ: ಅಮ್ಮನಿಗೆ 68 ವರ್ಷ. ಕಡಿಮೆ ಬೆಲೆಗೆ ಸಿಗುತ್ತದೆಂದು ಗ್ಲಾರ್ಜಿನ್ ಇನ್ಸುಲಿನ್ ಪೆನ್ ಹೊರದೇಶದ ವೆಬ್‌ಸೈಟಿನಿಂದ ತರಿಸಿದೆವು. ಡಬ್ಬದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ "ಬ್ಲಾಕ್‌ಚೈನ್ ದೃಢೀಕೃತ" ಎಂದು ಹಸಿರು ಗುರುತು ಬರುತ್ತದೆ. ಆದರೆ ನಾಲ್ಕು ದಿನದಿಂದ ಬೆಳಗ್ಗಿನ ಶುಗರ್ 300ರಿಂದ ಇಳಿದೇ ಇಲ್ಲ.

ಫಾರ್ಮಸಿಸ್ಟ್: ಆ ಪೆನ್ ಇನ್ನು ಚುಚ್ಚಬೇಡಿ. ಹಾಗೆಂದು ಇನ್ಸುಲಿನ್ ನಿಲ್ಲಿಸಲೂ ಬೇಡಿ. ಈಗಲೇ ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳಿದ್ದನ್ನು ಊರಿನ ಮೆಡಿಕಲ್‌ನಿಂದ ತನ್ನಿ. ವಾಂತಿ, ಏದುಸಿರು, ಮಂಪರು ಇದ್ದರೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಬ್ಲಾಕ್‌ಚೈನ್ ಎಂದರೆ ಹಲವು ಕಂಪ್ಯೂಟರುಗಳಲ್ಲಿ ಒಟ್ಟಿಗೆ ಇಡುವ ದಾಖಲೆ ಪುಸ್ತಕ. ಅದರಲ್ಲಿ ಒಮ್ಮೆ ಬರೆದದ್ದನ್ನು ಆಮೇಲೆ ಗುಟ್ಟಾಗಿ ತಿದ್ದುವುದು ಬಹಳ ಕಷ್ಟ, ನಿಜ. ಆದರೆ ಬರೆದವನೇ ಸುಳ್ಳು ಬರೆದಿದ್ದರೆ ಆ ಸುಳ್ಳೇ ಭದ್ರವಾಗಿ ಕೂತಿರುತ್ತದೆ. ಅದು ಜಾಡು ಹಿಡಿಯುವುದು ಡಬ್ಬದ ಕೋಡನ್ನು, ಒಳಗಿನ ಮದ್ದನ್ನಲ್ಲ. ಒಂದು ಅಸಲಿ ಕೋಡಿನ ಫೋಟೋ ತೆಗೆದು ಸಾವಿರ ಡಬ್ಬಕ್ಕೆ ಅಚ್ಚು ಹಾಕಬಹುದು. ಯುರೋಪಿನಲ್ಲಿ 2019ರಿಂದ ಮದ್ದು ಕೊಡುವಾಗ ಅಂಗಡಿಯವರು ಕೋಡನ್ನು ರದ್ದು ಮಾಡುತ್ತಾರೆ. ಅದೇ ಕೋಡ್ ಮತ್ತೆ ಬಂದರೆ ಸಿಕ್ಕಿಬೀಳುತ್ತದೆ. ಗಡಿ ದಾಟಿ ನೇರ ಮನೆಗೆ ಬರುವ ಪಾರ್ಸೆಲ್‌ಗೆ ಆ ತಪಾಸಣೆ ಇಲ್ಲ.

ಮತ್ತೆ, ತೆರೆಯದ ಪೆನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಗೋಡೌನಿನ ಸೆಕೆಗೆ ಅಸಲಿ ಇನ್ಸುಲಿನ್ ಕೂಡ ಕೆಡುತ್ತದೆ, ಗುರುತು ಹಸಿರಾಗಿಯೇ ಇರುತ್ತದೆ.

ಪೆನ್ ಬೆಳಕಿಗೆ ಹಿಡಿದು ನೋಡಿ. ಗ್ಲಾರ್ಜಿನ್ ನೀರಿನಂತೆ ತಿಳಿಯಾಗಿರಬೇಕು. ಡಬ್ಬದ ಬ್ಯಾಚ್ ನಂಬರೂ ಪೆನ್ನಿನದ್ದೂ ಒಂದೇ ಉಂಟಾ? ಸ್ಕ್ಯಾನ್ ಮಾಡಿದಾಗ ತೆರೆಯುವ ವಿಳಾಸ ಕಂಪನಿಯದ್ದಾ, ಮಾರಿದವರದ್ದಾ?

ಉಪ್ಪಳದ ಸದಸ್ಯ: ಫಾರ್ವರ್ಡ್ ಬಂದದ್ದು. ಹಾಗಲಕಾಯಿ ರಸ 21 ದಿನ ಕುಡಿದರೆ ಇನ್ಸುಲಿನ್ ಬೇಡವಂತೆ.

ಫಾರ್ಮಸಿಸ್ಟ್: ಅಳಿಸಿ. ಇದನ್ನು ನಂಬಿ ಇನ್ಸುಲಿನ್ ಬಿಟ್ಟರೆ ಜೀವಕ್ಕೇ ಅಪಾಯ. ಎಷ್ಟು ಸಲ ಹೇಳುವುದು?

ಮಂಜೇಶ್ವರದ ಸದಸ್ಯೆ: ಭಾವ ದುಬೈಯಿಂದ ಬಿಪಿ ಮಾತ್ರೆ ಪಾರ್ಸೆಲ್ ಮಾಡಬಹುದಾ?

ಫಾರ್ಮಸಿಸ್ಟ್: ಪಾರ್ಸೆಲ್‌ನಲ್ಲಿ ತರಿಸಲು ಪರವಾನಗಿ ಬೇಕು. ಸ್ವಂತಕ್ಕೆಂದು ಬ್ಯಾಗಿನಲ್ಲಿ ತರುವುದಕ್ಕೂ ಮಿತಿ ಉಂಟು.

ಬೆಂಗಳೂರಿನಲ್ಲಿರುವ ಸದಸ್ಯ: ನಾನು ಬ್ಲಾಕ್‌ಚೈನ್ ಕೆಲಸವೇ ಮಾಡುವುದು. ಸೆನ್ಸರ್ ಇಟ್ಟರೆ ಉಷ್ಣತೆಯೂ ದಾಖಲಾಗುತ್ತದೆ. ಸುಮ್ಮನೆ ಹೆದರಿಸಬೇಡಿ.

ಬದಿಯಡ್ಕದ ಮಾಷ್ಟ್ರು: 2022ರಲ್ಲಿ ಗಾಂಬಿಯಾದ ಮಕ್ಕಳು ತೀರಿಹೋದಾಗ ಸಿರಪ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಇದ್ದದ್ದು ಲ್ಯಾಬಿನಲ್ಲಿ ಗೊತ್ತಾದದ್ದು. ಯಾವ ಸೆನ್ಸರ್ ಹೇಳುತ್ತಿತ್ತು?

ಬೆಂಗಳೂರಿನಲ್ಲಿರುವ ಸದಸ್ಯ: ಅದು ಬೇರೆಯೇ ವಿಷಯ. ತಿಳಿಯದೆ ಮಾತಾಡಬೇಡಿ ಮಾಷ್ಟ್ರೆ.

ಬದಿಯಡ್ಕದ ಮಾಷ್ಟ್ರು: 30 ವರ್ಷ ಕೆಮಿಸ್ಟ್ರಿ ಕಲಿಸಿದವ ನಾನು. ನಿನಗೂ ಕಲಿಸಿದ್ದೇನೆ.

ಮುಳ್ಳೇರಿಯದ ಸದಸ್ಯ: ಸ್ಕ್ಯಾನ್ ಮಾಡುವಾಗ ಫೋನ್ ನಂಬರ್, ಕಾಯಿಲೆಯ ಹೆಸರು ಕೇಳಿತು, ಕೊಟ್ಟೆ. ಬ್ಲಾಕ್‌ಚೈನ್‌ನಿಂದ ಅದನ್ನು ಅಳಿಸಲಿಕ್ಕೆ ಆಗುತ್ತದಾ?

ಉಪ್ಪಳದ ಸದಸ್ಯ: ದುಬೈಯಿಂದ ಥೈರಾಯ್ಡ್ ಮಾತ್ರೆ ತರಿಸಬಹುದಾ?

ಫಾರ್ಮಸಿಸ್ಟ್: ಮೇಲೆ ಬರೆದಿದ್ದೇನೆ, ಓದಿ. ನಿಮ್ಮ ಜಗಳ ಬೇರೆ ಕಡೆ ಮಾಡಿ, ಇಲ್ಲಿ ಒಬ್ಬರ ಶುಗರ್ 300 ಉಂಟು.

ಪೆರ್ಲದ ಸದಸ್ಯೆ: ಅಕ್ಕ, ಬ್ಯಾಚ್ ನಂಬರಿನ ಕೊನೆಯ ಎರಡು ಅಂಕೆ ಬೇರೆ ಬೇರೆ. ವಿಳಾಸ ಮಾರಿದವರದ್ದೇ. ಪೆನ್ನಿನೊಳಗೆ ಬಿಳಿ ಎಳೆಯಂತೆ ಏನೋ ತೇಲುತ್ತಾ ಉಂಟು.

ಫಾರ್ಮಸಿಸ್ಟ್: ಡಬ್ಬ, ಪೆನ್, ಬಿಲ್ಲು ಯಾವುದನ್ನೂ ಬಿಸಾಡಬೇಡಿ, ಡ್ರಗ್ಸ್ ಇನ್‌ಸ್ಪೆಕ್ಟರಿಗೆ ಕೊಡುವ. ಡಾಕ್ಟರ್ ಫೋನಿಗೆ ಸಿಕ್ಕಿದರಾ? ಅಮ್ಮನ ಈಗಿನ ಶುಗರ್ ಎಷ್ಟು, ಅದನ್ನು ಮೊದಲು ಬರೆಯಿರಿ.