ಚೌತಿ ಬುಕಿಂಗ್ ದಿನ ಸರ್ವರ್ ಹೆಚ್ಚಾದ ಮೇಲೇ ಸೈಟ್ ಬಿತ್ತು. ಆಟೋ ಸ್ಕೇಲಿಂಗ್‌ನಲ್ಲಿ ಎಲ್ಲಿ ತಪ್ಪಿದ್ದೇನೆ?

ಉಡುಪಿ_ನೈಟ್‌ಬಸ್

ಎಲ್ಲರಿಗೂ ನಮಸ್ಕಾರ. ನಾವು ಇಬ್ಬರು ಸೇರಿ ಉಡುಪಿಯಲ್ಲಿ ಒಂದು ಚಿಕ್ಕ ಬುಕಿಂಗ್ ಸೈಟ್ ನಡೆಸುತ್ತಿದ್ದೇವೆ. ಬೆಂಗಳೂರಿನಿಂದ ಕುಂದಾಪುರ, ಉಡುಪಿ ಕಡೆಗೆ ರಾತ್ರಿ ಬಸ್ ಓಡಿಸುವ ನಾಲ್ವರು ಮಾಲೀಕರ ಸೀಟುಗಳು ನಮ್ಮಲ್ಲಿ ಬುಕ್ ಆಗುತ್ತವೆ. ಎಲ್ಲವೂ ಎಡಬ್ಲ್ಯುಎಸ್ (ಅಮೆಜಾನ್‌ನ ಬಾಡಿಗೆ ಸರ್ವರ್ ಸೇವೆ) ಮುಂಬೈ ರೀಜನ್‌ನಲ್ಲಿದೆ. ಎರಡು ಸರ್ವರ್, ಮುಂದೆ ಬಂದ ಜನರನ್ನು ಅವುಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್, ಹಿಂದೆ ನಾವೇ ಹಾಕಿಕೊಂಡ ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್. ಮಾಮೂಲಿ ದಿನಕ್ಕೆ ಇಷ್ಟು ಧಾರಾಳ.

ಚೌತಿಯ ಸೀಟುಗಳನ್ನು ಮೊನ್ನೆ ಬೆಳಿಗ್ಗೆ 10ಕ್ಕೆ ಬಿಟ್ಟೆವು. ಜನ ಮುಗಿಬೀಳುತ್ತಾರೆಂದು ಗೊತ್ತಿತ್ತು. ಅದಕ್ಕೇ ಒತ್ತಡ ನೋಡಿ ಸರ್ವರ್‌ಗಳನ್ನು ತಾನೇ ಹೆಚ್ಚು ಕಡಿಮೆ ಮಾಡುವ ಆಟೋ ಸ್ಕೇಲಿಂಗ್ ಹಾಕಿದ್ದೆ. ಕನಿಷ್ಠ 2, ಗರಿಷ್ಠ 12, ಸಿಪಿಯು 60% ದಾಟಿದರೆ ಹೊಸ ಸರ್ವರ್.

10:01ಕ್ಕೇ ಪುಟಗಳು ನಿಧಾನವಾದವು. 10:11ರವರೆಗೆ ಹೊಸ ಸರ್ವರ್ ಒಂದೂ ಕೆಲಸಕ್ಕೆ ಇಳಿಯಲಿಲ್ಲ. ಆಮೇಲೆ ಮೂರು ಒಟ್ಟಿಗೆ ಬಂದವು. ಅಬ್ಬಾ, ಇನ್ನು ಸರಿಹೋಯಿತು ಅಂದುಕೊಳ್ಳುವಷ್ಟರಲ್ಲಿ ಸೈಟ್ ಪೂರ್ತಿ ಬಿತ್ತು. ಪೋಸ್ಟ್‌ಗ್ರೆಸ್ ಲಾಗ್ ತುಂಬ ಕನೆಕ್ಷನ್ ಜಾಸ್ತಿಯಾಯಿತು ಎಂಬ ಎರರ್. ಅದಕ್ಕಿಂತ ಅರ್ಥವಾಗದ್ದು ಇನ್ನೊಂದು. ಮೊದಲಿನಿಂದ ಚೆನ್ನಾಗಿದ್ದ ಎರಡು ಸರ್ವರ್‌ಗಳೂ ಸತ್ತು, ಆ ಜಾಗಕ್ಕೆ ಹೊಸವು ಹುಟ್ಟತೊಡಗಿದವು. ಅವೂ ಸತ್ತವು.

31 ಜನರ ದುಡ್ಡು ಹೋಗಿದೆ, ಟಿಕೆಟ್ ಬಂದಿಲ್ಲ. ಅವರಲ್ಲಿ ಒಬ್ಬರು ವಯಸ್ಸಾದ ಅಮ್ಮನನ್ನು ಊರಿಗೆ ಕರೆದುಕೊಂಡು ಹೋಗುವವರು. ಅವರ ಜೊತೆ ಮಾತಾಡಿದ ಮೇಲೆ ನನಗೆ ಊಟ ಸೇರಲಿಲ್ಲ. ಹಬ್ಬ ಮುಗಿಸಿ ಬೆಂಗಳೂರಿಗೆ ಮರಳುವವರ ಸೀಟುಗಳನ್ನು ಬರುವ ಸೋಮವಾರ ಬಿಡಬೇಕು. ಗರಿಷ್ಠ ಸಂಖ್ಯೆಯನ್ನು 30ಕ್ಕೆ ಏರಿಸಿದರೆ ಸಾಕಾ?

ಲಾಗ್_ಓದುಗ

ಏರಿಸಬೇಡಿ. ಏರಿಸಿದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ. ಮೊದಲು ಮೂರು ವಿಷಯ ಹೇಳಿ. ಒಂದು ಸರ್ವರ್‌ನ ಕನೆಕ್ಷನ್ ಪೂಲ್ (ಡೇಟಾಬೇಸ್‌ಗೆ ಅದು ತೆರೆದಿಡುವ ಕನೆಕ್ಷನ್‌ಗಳು) ಎಷ್ಟು? ಪೋಸ್ಟ್‌ಗ್ರೆಸ್‌ನಲ್ಲಿ ಮ್ಯಾಕ್ಸ್ ಕನೆಕ್ಷನ್ಸ್ ಎಷ್ಟು? ಸರ್ವರ್ ಚೆನ್ನಾಗಿದೆಯೇ ಎಂದು ಲೋಡ್ ಬ್ಯಾಲೆನ್ಸರ್ ಕೇಳುವ ಹೆಲ್ತ್ ಚೆಕ್ ಪುಟ ಏನು ಮಾಡುತ್ತದೆ?

ಉಡುಪಿ_ನೈಟ್‌ಬಸ್

ಪೂಲ್ 20. ಪೋಸ್ಟ್‌ಗ್ರೆಸ್ ಕಡೆ ನಾವು ಏನೂ ಮುಟ್ಟಿಲ್ಲ, 100 ಇದೆ. ಹೆಲ್ತ್ ಚೆಕ್ ಪುಟ ಡೇಟಾಬೇಸ್‌ಗೆ ಒಂದು ಚಿಕ್ಕ ಕ್ವೆರಿ ಕಳಿಸಿ, ಉತ್ತರ ಬಂದರೆ 200 (ಎಲ್ಲ ಸರಿ ಎಂಬ ಕೋಡ್) ಕೊಡುತ್ತದೆ.

ಲಾಗ್_ಓದುಗ

ಹಾಗಾದರೆ ಲೆಕ್ಕ ಇಲ್ಲೇ ಇದೆ. ಎರಡು ಸರ್ವರ್‌ಗೆ 40 ಕನೆಕ್ಷನ್. ಮೂರು ಹೊಸವು ಬಂದಾಗ ಐದಕ್ಕೆ 100. ಆ 100ರಲ್ಲಿ 3 ಕನೆಕ್ಷನ್‌ಗಳನ್ನು ಪೋಸ್ಟ್‌ಗ್ರೆಸ್ ತನ್ನ ಮೇಲ್ವಿಚಾರಕನಾದ ಸೂಪರ್‌ಯೂಸರ್‌ಗೆಂದು ತೆಗೆದಿಡುತ್ತದೆ. ನಿಮಗೆ ಸಿಗುವುದು 97. ಐದನೇ ಸರ್ವರ್ ಬಂದ ಕೂಡಲೇ ಬಾಗಿಲು ಮುಚ್ಚಿತು.

ಸರ್ವರ್‌ಗಳು ಸತ್ತದ್ದಕ್ಕೆ ಕಾರಣ ಆ ಹೆಲ್ತ್ ಚೆಕ್. ಕನೆಕ್ಷನ್ ಸಿಗದೆ ಕ್ವೆರಿ ಸೋತಿತು. ಲೋಡ್ ಬ್ಯಾಲೆನ್ಸರ್ ಇದು ಕೆಟ್ಟ ಸರ್ವರ್ ಅಂದಿತು. ಆಟೋ ಸ್ಕೇಲಿಂಗ್ ಅದನ್ನು ಕಿತ್ತು ಹೊಸದನ್ನು ತಂತು. ಹೊಸದು ಬಂದು ಮತ್ತೆ 20 ಕನೆಕ್ಷನ್ ಕೇಳಿತು. ಸರ್ವರ್‌ಗಳಿಗೆ ಯಾವ ರೋಗವೂ ಇರಲಿಲ್ಲ. ಆ ಪುಟದಿಂದ ಡೇಟಾಬೇಸ್ ಕ್ವೆರಿಯನ್ನು ಇವತ್ತೇ ತೆಗೆಯಿರಿ. ನಾನು ಎದ್ದಿದ್ದೇನೆ ಅಂತ ಹೇಳಿದರೆ ಸಾಕು. ಡೇಟಾಬೇಸ್‌ಗೆ ಬೇರೆ ಅಲಾರಂ ಇಡಿ.

ಇನ್ನು ಆ ಹತ್ತು ನಿಮಿಷ. ಎಡಬ್ಲ್ಯುಎಸ್‌ನ ಸರ್ವರ್ ಸೇವೆಯಾದ ಇಸಿ2ನ ಬೇಸಿಕ್ ಮಾನಿಟರಿಂಗ್ ಸಿಪಿಯು ಲೆಕ್ಕ ಕೊಡುವುದು 5 ನಿಮಿಷಕ್ಕೊಮ್ಮೆ. ಡೀಟೇಲ್ಡ್ ಆನ್ ಮಾಡಿದರೆ 1 ನಿಮಿಷಕ್ಕೊಮ್ಮೆ. ಅಲಾರಂ ಆದಮೇಲೆ ಸರ್ವರ್ ಬೂಟ್ ಆಗಬೇಕು. ಪ್ಯಾಕೇಜ್‌ಗಳನ್ನು ಬೂಟ್ ಹೊತ್ತಿನಲ್ಲಿ ಇನ್‌ಸ್ಟಾಲ್ ಮಾಡುತ್ತಿದ್ದರೆ ಅದಕ್ಕೂ ಸಮಯ ಬೇಕು. ಎಲ್ಲವನ್ನೂ ತುಂಬಿದ ಎಎಂಐ (ಹೊಸ ಸರ್ವರ್‌ಗೆ ಅಚ್ಚಾಗುವ ಸಿದ್ಧ ಪ್ರತಿ) ಮಾಡಿಟ್ಟುಕೊಳ್ಳಿ. ಸಿಪಿಯು ಒಂದನ್ನೇ ನಂಬಬೇಡಿ. ಡೇಟಾಬೇಸ್‌ಗಾಗಿ ಕಾಯುವ ಸರ್ವರ್‌ನ ಸಿಪಿಯು ಸುಮ್ನೆ ಕೂತಿರುತ್ತದೆ, ಅಲ್ವಾ? ಒಂದು ಸರ್ವರ್‌ಗೆ ಎಷ್ಟು ರಿಕ್ವೆಸ್ಟ್ ಬರುತ್ತಿದೆ ಎಂಬ ಲೆಕ್ಕದ ಮೇಲೆ ಪಾಲಿಸಿ ಇಡುವುದು ನಿಮ್ಮ ಕೆಲಸಕ್ಕೆ ಒಳ್ಳೆಯದು.

ಆದರೆ ಮುಖ್ಯವಾದ ಮಾತು ಬೇರೆ. ನಿಮಗೆ ಜನ ಬರುವ ನಿಮಿಷ ಗೊತ್ತಿದೆ. ರೈಲ್ವೆ ತತ್ಕಾಲ್‌ನಂತೆ, 10 ಅಂದರೆ 10. ಗೊತ್ತಿರುವ ನೆಂಟರಿಗೆ ಮೊದಲೇ ಅಕ್ಕಿ ಇಡುತ್ತೇವೆ, ಬಾಗಿಲು ತಟ್ಟಿದ ಮೇಲೆ ನೆನೆಸುವುದಿಲ್ಲ. 9:40ಕ್ಕೆ ಶೆಡ್ಯೂಲ್ಡ್ ಸ್ಕೇಲಿಂಗ್ ಇಟ್ಟು ಕನಿಷ್ಠ 6 ಮಾಡಿ, 11:30ಕ್ಕೆ ಮತ್ತೆ 2 ಮಾಡಿ. 2017ರ ಅಕ್ಟೋಬರ್‌ನಿಂದ ಲಿನಕ್ಸ್ ಸರ್ವರ್‌ಗಳಿಗೆ ಸೆಕೆಂಡ್ ಲೆಕ್ಕದ ಬಿಲ್, ಕನಿಷ್ಠ 60 ಸೆಕೆಂಡ್. ಎರಡು ಗಂಟೆಗೆ ನಾಲ್ಕು ಸರ್ವರ್ ಹೆಚ್ಚಿಗೆ ಇಟ್ಟರೆ ಭಾರವಾಗದು. ಶೆಡ್ಯೂಲ್‌ನಲ್ಲಿ ಟೈಮ್‌ಝೋನ್ ಏಷ್ಯಾ/ಕೋಲ್ಕತ ಎಂದು ಕೊಡುವುದನ್ನು ಮರೆಯಬೇಡಿ. ಬಿಟ್ಟರೆ ಅದು ಯುಟಿಸಿ, ನಮಗಿಂತ ಐದೂವರೆ ಗಂಟೆ ಹಿಂದಿನ ಸಮಯ. ನಮ್ಮ ತಂಡದಲ್ಲಿ ಒಮ್ಮೆ ಬಿಟ್ಟಿದ್ದೆವು. 9:40ಕ್ಕೆ ಬರಬೇಕಿದ್ದ ಸರ್ವರ್‌ಗಳು ಮಧ್ಯಾಹ್ನ 3:10ಕ್ಕೆ ಬಂದವು.

ಬ್ಯಾಕೆಂಡ್_ಅಕ್ಕ

ಮೇಲಿನದೆಲ್ಲ ಒಪ್ಪುತ್ತೇನೆ. ನನಗೆ ಆ 31 ಜನರದ್ದೇ ಚಿಂತೆ. ಸೀಟು ಹಿಡಿದಿಟ್ಟ ಮಾಹಿತಿಯನ್ನು ಸರ್ವರ್‌ನ ಮೆಮೊರಿಯಲ್ಲಿ ಇಟ್ಟಿದ್ದೀರಾ? ಹಾಗಿದ್ದರೆ ಆ ಸರ್ವರ್ ಹೋದ ಕೂಡಲೇ ಮಾಹಿತಿಯೂ ಹೋಯಿತು. ಲೋಡ್ ಬ್ಯಾಲೆನ್ಸರ್ ಸರ್ವರ್ ತೆಗೆಯುವ ಮುಂಚೆ ಮಾಮೂಲಾಗಿ 300 ಸೆಕೆಂಡ್ ಕಾಯುತ್ತದೆ, ನಿಜ. ಆದರೆ ಅದು ಕಾಯುವುದು ನಡೆಯುತ್ತಿರುವ ರಿಕ್ವೆಸ್ಟ್‌ಗಳಿಗೆ. ಗಿರಾಕಿ ಯುಪಿಐ ಆ್ಯಪ್‌ನಲ್ಲಿ ಪಿನ್ ಹಾಕುತ್ತಿರುವಾಗ ನಿಮ್ಮ ಸರ್ವರ್ ಜೊತೆ ಅವರ ರಿಕ್ವೆಸ್ಟ್ ಏನೂ ಬಾಕಿ ಇರುವುದಿಲ್ಲ. ಹಿಡಿದ ಸೀಟನ್ನು ಸರ್ವರ್‌ಗಳ ಹೊರಗಿರುವ ರೆಡಿಸ್ ಸ್ಟೋರ್‌ನಲ್ಲೋ ಡೇಟಾಬೇಸ್ ಟೇಬಲ್‌ನಲ್ಲೋ ಗಡುವಿನ ಸಮೇತ ಇಡಿ. ಸರ್ವರ್ ಯಾವಾಗ ಬೇಕಾದರೂ ಸಾಯಬಹುದು ಎಂದುಕೊಂಡೇ ಕೋಡ್ ಬರೆಯಬೇಕು.

ಪೋಸ್ಟ್‌ಗ್ರೆಸ್ ಮುಂದೆ ಕನೆಕ್ಷನ್‌ಗಳನ್ನು ಹಂಚಿಕೊಡುವ ಪಿಜಿಬೌನ್ಸರ್ ಇಡಿ, ಟ್ರಾನ್ಸಾಕ್ಷನ್ ಮೋಡ್‌ನಲ್ಲಿ (ಒಂದು ವ್ಯವಹಾರ ಮುಗಿದ ಕೂಡಲೇ ಕನೆಕ್ಷನ್ ಇನ್ನೊಬ್ಬರಿಗೆ). ಆಗ ಒಂದು ಕನೆಕ್ಷನ್‌ನಲ್ಲಿ ತುಂಬ ಜನರ ಕೆಲಸ ಸಾಗುತ್ತದೆ. ಒಂದು ಎಚ್ಚರ. ಸೀಟಿಗೆ ಸೆಷನ್ ಮಟ್ಟದ ಅಡ್ವೈಸರಿ ಲಾಕ್ (ಕನೆಕ್ಷನ್ ಇರುವವರೆಗೂ ಹಿಡಿದಿಡುವ ಬೀಗ) ಬಳಸುತ್ತಿದ್ದರೆ ಈ ಮೋಡ್‌ನಲ್ಲಿ ಅದನ್ನು ನಂಬುವಂತಿಲ್ಲ. ಟ್ರಾನ್ಸಾಕ್ಷನ್ ಮಟ್ಟದ ಲಾಕ್‌ಗೆ ಬದಲಿಸಿ. ಇಲ್ಲದಿದ್ದರೆ ಒಂದೇ ಸೀಟು ಇಬ್ಬರಿಗೆ ಹೋದೀತು. ರಾತ್ರಿ ಬಸ್ಸಿನಲ್ಲಿ ಆ ಜಗಳ ಯಾರಿಗೂ ಬೇಡ.

ಉಡುಪಿ_ನೈಟ್‌ಬಸ್

ಅಕ್ಕಾ, ಮೆಮೊರಿಯಲ್ಲೇ ಇತ್ತು. ಇವತ್ತು ರೆಡಿಸ್‌ಗೆ ಹಾಕಿದೆವು, 8 ನಿಮಿಷದ ಗಡುವು. ಲಾಕ್ ಕೂಡ ಸೆಷನ್ ಮಟ್ಟದ್ದೇ ಇತ್ತು, ಬದಲಿಸಿದೆವು. ಪಿಜಿಬೌನ್ಸರ್ ಅನ್ನು ಸೋಮವಾರದೊಳಗೆ ಸರಿಯಾಗಿ ಪರೀಕ್ಷೆ ಮಾಡಲು ಸಮಯವಿಲ್ಲ. ಅದಕ್ಕೇ ಸದ್ಯಕ್ಕೆ ಪೂಲ್ 8 ಮಾಡಿ, ಗರಿಷ್ಠ 10ಕ್ಕೆ ಇಳಿಸಿದ್ದೇನೆ. 80 ಆಗುತ್ತದೆ, 97ರೊಳಗೆ.

ನಿನ್ನೆ ರಾತ್ರಿ 1 ಗಂಟೆಗೆ ಕೆ6 ಎಂಬ ಟೂಲ್ ಬಳಸಿ ಲೋಡ್ ಟೆಸ್ಟ್ (ನಕಲಿ ಜನಸಂದಣಿ) ಮಾಡಿದೆವು. ಆರು ಸರ್ವರ್ ಮೊದಲೇ ಎದ್ದಿದ್ದವು. ಟೆಸ್ಟ್ ನಡುವೆ ಬೇಕಂತಲೇ ಒಂದನ್ನು ಕೊಂದೆವು. ಹಿಡಿದಿದ್ದ ಸೀಟು ಒಂದೂ ಕಳೆದುಹೋಗಲಿಲ್ಲ. ಇಬ್ಬರಿಗೂ ಮನಸಾರೆ ಧನ್ಯವಾದ.

31ರಲ್ಲಿ 29 ಜನರ ದುಡ್ಡು ವಾಪಸ್ ಆಗಿದೆ. ಅಮ್ಮನನ್ನು ಕರೆತರುವವರಿಗೆ ಮಾಲೀಕರೊಬ್ಬರು ಎರಡು ಕೆಳಗಿನ ಬರ್ತ್ ಕೊಟ್ಟರು. ಇನ್ನಿಬ್ಬರು ಫೋನ್ ಎತ್ತುತ್ತಿಲ್ಲ, ಸಂಜೆ ಮತ್ತೆ ಮಾಡುತ್ತೇನೆ.