ಬಂದಿಶ್ (ಹಿಂದುಸ್ತಾನಿ ರಾಗದಾಗ ಕಟ್ಟಿದ ಹಾಡು) ಯಾರ ರಚನೆ ಅಂತ ಗುರುತಿಸೋದು ಹ್ಯಾಂಗ? ವಚನಕ್ಕ ಯಾವ ತಾಳ?

ತೊಗರಿನಾಡು (ಕಲಬುರಗಿ)
ಮುಂದಿನ ತಿಂಗಳ ಇಲ್ಲೇ ಕಲಬುರಗಿಯೊಳಗ ಮಕ್ಕಳ ಗಾಯನ ಕಾರ್ಯಕ್ರಮ ಅದ, ಸಂಜಿ 4ಕ್ಕ ಶುರು. ರಾಗದ ಹೆಸರಿನ ಜೋಡಿ ರಚನಕಾರರ ಹೆಸರೂ ಹೇಳಿಸಬೇಕಂತ ವಿಚಾರ. ಪಟ್ಟಿಯೊಳಗ ಭೀಮಪಲಾಸದ ‘ಜಾ ಜಾ ರೇ ಅಪನೇ ಮಂದಿರವಾ’, ಜೋಗಕೌಂಸದ ‘ಪೀರ ಪರಾಯೀ’, ಬಸವಣ್ಣನವರ ‘ಉಳ್ಳವರು ಶಿವಾಲಯ ಮಾಡುವರು’, ಕಡೀಗಿ ಹರಿಕಥಾಮೃತಸಾರದ ಎರಡು ಪದ್ಯ ಅವ. ಬಂದಿಶಿನ ರಚನಕಾರರನ್ನ ಹಿಡಿಯೋದು ಹ್ಯಾಂಗ? ಇನ್ನ ವಚನ ದಾದರಾ ತಾಳದಾಗ ಕೂಡಿಸಿದ್ರ ಶಬ್ದ ನಡುವೆ ಮುರೀತಾವ. ಯಾಕ್ರಿ?

ಬಿದರಿ ಹೂಜಿ (ಬೀದರ)
ವಚನಕ್ಕ ಅಂಕಿತ ಇದ್ದಂಗ ಬಂದಿಶಿಗೂ ಮುದ್ರಿಕಾ (ರಚನಕಾರರು ಹಾಡಿನೊಳಗ ಇಡೋ ಹೆಸರು) ಇರ್ತದ. ಬಹುತೇಕ ಅಂತರಾದೊಳಗ (ಬಂದಿಶಿನ ಎರಡನೇ ಭಾಗದೊಳಗ) ಹುಡುಕ್ರಿ. ‘ಜಾ ಜಾ ರೇ’ ಅಂತರಾದಾಗ ‘ಸದಾರಂಗ’ ಅಂತ ಬರ್ತದ. ಅವರು ನಿಯಾಮತ್ ಖಾನ್, 1719ರಿಂದ 1748ರ ತನಕ ಆಳಿದ ದೊರಿ ಮುಹಮ್ಮದ್ ಶಾಹನ ಆಸ್ಥಾನದವರು. ಅವರ ಎಷ್ಟೋ ಖಯಾಲ್ ಶೈಲಿಯ ಬಂದಿಶಿನೊಳಗ ದೊರಿ ಹೆಸರೂ ಬರ್ತದ. ಅದನ್ನ ನೋಡಿ ದೊರೀನೇ ರಚನಕಾರ ಅಂತ ಹೇಳಿಸಬ್ಯಾಡ್ರಿ.

‘ಪೀರ ಪರಾಯೀ’ ಜಗನ್ನಾಥಬುವಾ ಪುರೋಹಿತರದು. ಅವರ ಮುದ್ರಿಕಾ ‘ಗುಣಿದಾಸ’, ಜೋಗಕೌಂಸ ರಾಗ ಕಟ್ಟಿದವರೂ ಅವರೇ. ಆಗ್ರಾ ಘರಾಣೆದ (ಗಾಯಕರ ಪರಂಪರೆಯ) ಫೈಯಾಜ್ ಖಾನ್ ‘ಪ್ರೇಮಪಿಯಾ’, ವಿಲಾಯತ್ ಹುಸೇನ್ ಖಾನ್ ‘ಪ್ರಾಣಪಿಯಾ’. ‘ಪಿಯಾ’ ಶಬ್ದ ಬಂದಿಶಿಗೊಂದು ಬರೋದರಿಂದ ಇವು ಹೆಸರು ಅನ್ನೋದೇ ತಿಳಿಯಂಗಿಲ್ಲ. ಆವಾಗ ಮಕ್ಕಳು ‘ಪ್ರೇಮ’ ಅಂದು ಉಸಿರು ತಗೊಂಡು ‘ಪಿಯಾ’ ಅಂತಾರ, ರಚನಕಾರರ ಹೆಸರೇ ಎರಡು ತುಂಡು ಆಗ್ತದ.

ಇನ್ನೊಂದು, ಜೋಗಕೌಂಸ ರಾತ್ರಿ ರಾಗ. 4 ಗಂಟೇಕ್ಕ ಭೀಮಪಲಾಸ ಛಲೋ ಕೂಡ್ತದ, ಇದು ಕೂಡಂಗಿಲ್ಲ. ಅದನ್ನ ತಗದು ಭೀಮಪಲಾಸಕ್ಕೇ ಹೆಚ್ಚು ವ್ಯಾಳ್ಯಾ ಕೊಡ್ರಿ.

ಭೀಮಾದಂಡಿ (ಯಾದಗಿರಿ)
ಮುದ್ರಿಕಾ ಅದ ಅಂದ ಕೂಡ್ಲೇ ಅವರದೇ ಅಂತ ಮುದ್ರಿ ಒತ್ತಬ್ಯಾಡ್ರಿ. ಸದಾರಂಗರ ಹೆಸರು ದೊಡ್ಡದು. ಅವರ ಆಮ್ಯಾಲ ಬಂದವರೂ ತಮ್ಮ ರಚನೆದಾಗ ಅದನ್ನ ಸೇರಿಸ್ಯಾರ. ‘ಸದಾರಂಗರ ಮುದ್ರಿಕೆಯ ಬಂದಿಶ್’ ಅಂತ ಹೇಳಿಸ್ರಿ, ಅದು ಖರೇ ಮಾತು. ಗುಣಿದಾಸರು ಈಚಿನವರು, ಅಲ್ಲಿ ಈ ಗೊಂದಲ ಇಲ್ಲ.

ಪುಸ್ತಕ ನೋಡಿ ಕಲಿಸ್ತಿದ್ರ ಮೊದಲು ಸ್ವರಲಿಪಿ (ಸ್ವರ ಬರಿಯೋ ಪದ್ಧತಿ) ಯಾವುದು ನೋಡ್ರಿ. ಭಾತಖಂಡೆ ಲಿಪಿಯೊಳಗ ಸ್ವರದ ಮ್ಯಾಲ ಚುಕ್ಕಿ ಇದ್ರ ತಾರ (ಮ್ಯಾಲಿನ) ಸಪ್ತಕ, ಪಲುಸ್ಕರ್ ಲಿಪಿಯೊಳಗ ಅದೇ ಚುಕ್ಕಿ ಮಂದ್ರ (ಕೆಳಗಿನ) ಸಪ್ತಕ. ಒಂದರ ರೂಢಿ ಇದ್ದವರು ಇನ್ನೊಂದನ್ನ ಓದಿದ್ರ ಇಡೀ ಸಾಲು ತಪ್ಪು ಸಪ್ತಕಕ್ಕ ಹೋಗ್ತದ.

ಭೀಮಪಲಾಸದಾಗ ಮಕ್ಕಳು ಎಡವೋದು ತಾನಿನೊಳಗ (ವೇಗವಾಗಿ ಹಾಡೋ ಸ್ವರಗಳ ಸರಣಿಯೊಳಗ). ಏರುವಾಗ ನಿ ಸ ಗ ಮ ಪ ನಿ ಸ. ರಿ, ಧ ಬಿಟ್ಟೇ ಏರಬೇಕು. ವೇಗ ಹೆಚ್ಚಾದಂಗ ನಾಲಗಿ ತಾನೇ ರಿ, ಧ ಸೇರಿಸಿಬಿಡ್ತದ, ಕೇಳಾವರಿಗೆ ಕಾಫಿ ರಾಗ ಆಗ್ತದ. ಮೊದಲ ಹದಿನೈದು ದಿನ ಅರ್ಧ ಲಯದಾಗೇ ತಾನ್ ಮಾಡಿಸ್ರಿ.

ಶಹಾಬಾದಿ ಫರಸಿ (ಕಲಬುರಗಿ)
ದಾದರಾದಾಗ ಯಾಕ ಮುರೀತದ ಅಂದ್ರ, ಮಾತ್ರಿ ಎಣಿಸಿ ನೋಡ್ರಿ. ‘ಎನ್ನ’ 3, ‘ಕಾಲೇ’ 4, ಕೂಡಿ 7. ದಾದರಾಕ್ಕ ಇರೋದು 6. ಅದಕ್ಕೇ ಮುಂದಿನ ಸಮ್ (ತಾಳದ ಮೊದಲ ಮಾತ್ರಿ) ‘ಲೇ’ ನಡುವೆ ಬೀಳ್ತದ. ರೂಪಕ ತಾಳ ಹಿಡೀರಿ, 3+2+2. ‘ಎನ್ನ’ ಮೊದಲ 3ರೊಳಗ, ‘ಕಾಲೇ’ ಉಳಿದ 4ರೊಳಗ ಕೂಡ್ತದ. ‘ಕಂಬ’ 3, ಆಮ್ಯಾಲ 4 ಮಾತ್ರಿ ಎಳೀರಿ. ‘ದೇಹವೇ’ ಒಂದು ಆವರ್ತನ (ತಾಳದ ಒಂದು ಸುತ್ತು), ‘ದೇಗುಲ’ ಒಂದು. ಎರಡರಾಗೂ ‘ದೇ’ ಸಮ್ಮಿಗೆ.

ತೊಡಕು ‘ಶಿರವೇ ಹೊನ್ನ’ದಾಗ ಅದ. ಅದು 4+3, ನಡಿಗಿ ತಿರುಗಿಬಿಡ್ತದ. ಆವರ್ತನದ ಮೊದಲ 3 ಮಾತ್ರಿ ಹಾಡದೇ ಬಿಟ್ಟು 4ನೇ ಮಾತ್ರಿಗೆ ‘ಶಿರವೇ’ ಎತ್ತಿಕೊಳ್ರಿ, ‘ಹೊನ್ನ’ ಸಮ್ಮಿಗೆ ಬರ್ತದ. ಅದನ್ನ 7ರ ತನಕ ಎಳೆದು, ಮುಂದಿನ ಆವರ್ತನಕ್ಕ ‘ಕಳಸವಯ್ಯಾ’: ಕಳಸ 3, ವಯ್ 2, ಯಾ 2. ಎಷ್ಟು ಚಂದ ಕೂಡ್ತದ ನೋಡ್ರಿ! ‘ಉಳ್ಳವರು, ಶಿವಾಲಯ, ಮಾಡುವರು’ ಮೂರೂ 5-5 ಮಾತ್ರಿ ಶಬ್ದ. ಆ ಸಾಲು ತಬಲಾ ಇಲ್ಲದೇ ಆಲಾಪದಂಗ ಹಾಡಿಸಿ, ‘ಎನ್ನ ಕಾಲೇ’ಕ್ಕ ಠೇಕಾ ಶುರು ಮಾಡ್ರಿ. ರೂಪಕದ ಸಮ್ ಖಾಲಿ. ಅಲ್ಲಿ ಕೈ ಬೀಸಬೇಕು, ತಾಳಿ ಹೊಡಿಬಾರದು.

ಹರಿಕಥಾಮೃತಸಾರಕ್ಕೂ ಇದೇ ತಾಳ ನಡೀತದ. ಜಗನ್ನಾಥದಾಸರು ಬರೆದದ್ದು ಭಾಮಿನಿ ಷಟ್ಪದಿಯೊಳಗ, ಅದರ ನಡಿಗೀನೇ 3+4. 1, 2, 4, 5ನೇ ಸಾಲು 14 ಮಾತ್ರಿ, ಅಂದ್ರ ಸರಿಯಾಗಿ 2 ಆವರ್ತನ. 3 ಮತ್ತು 6ನೇ ಸಾಲು 21 ಮಾತ್ರಿ, ಮ್ಯಾಲೊಂದು ಗುರು. ಆ ಗುರುವಿಗೆ 2 ಮಾತ್ರಿ ಅಷ್ಟೇ ಕೊಟ್ಟು 4ನೇ ಸಾಲು ಎತ್ತಿದ್ರ ಸಮ್ ತಪ್ಪತದ. ಗುರುವನ್ನ 2 ಮಾತ್ರಿ ಹಾಡಿ, 5 ಮಾತ್ರಿ ಎಳೆದೋ ಬಿಟ್ಟೋ, 4ನೇ ಆವರ್ತನ ತುಂಬಿಸಿ ಮುಂದ ಹೋಗ್ರಿ.