ದದ್ದು, ಇಸುಬು, ಹುಳುಕಡ್ಡಿ: ಮುಲಾಮಿನ ಚೀಟಿಗೆ ಪದಗಳು ಬೇಕು

ವೈದ್ಯರ ಬಳಿ ಹೋಗದೆ ನೇರವಾಗಿ ಔಷಧದ ಅಂಗಡಿಯಿಂದ ಚರ್ಮದ ಮುಲಾಮು ತರುವವರಿಗಾಗಿ ಒಂದು ಪುಟದ ಕನ್ನಡ ಚೀಟಿ ಬರೆಯುತ್ತಿದ್ದೇನೆ. ಕೆಲವು ಪದಗಳಲ್ಲಿ ಬಲ್ಲವರ ನೆರವು ಬೇಕಾಗಿದೆ.

ಮೊದಲನೆಯದು ‘ದದ್ದು’. ಸಂಸ್ಕೃತದ ‘ದದ್ರು’, ಹಿಂದಿಯ ‘ದಾದ್’ ಎರಡೂ ಹುಳುಕಡ್ಡಿಯನ್ನು (ರಿಂಗ್‌ವರ್ಮ್) ಸೂಚಿಸುತ್ತವೆ. ನಮ್ಮ ‘ದದ್ದು’ ಮಾತ್ರ ಸೊಳ್ಳೆ ಕಚ್ಚಿದ ಗುರುತಿಗೂ ಸಲ್ಲುತ್ತದೆ, ಪಿತ್ತದ ಗಂಧೆಗೂ ಸಲ್ಲುತ್ತದೆ. ಅಂಗಡಿಯಲ್ಲಿ ‘ದದ್ದಿಗೆ ಮುಲಾಮು ಕೊಡಿ’ ಎಂದರೆ ಏನು ಕೊಡಬೇಕು? ಹುಳುಕಡ್ಡಿ ಶಿಲೀಂಧ್ರದಿಂದ ಬರುತ್ತದೆ, ಇಸುಬು (ಎಕ್ಸಿಮಾ) ಹಾಗಲ್ಲ. ಇಸುಬಿನ ಉರಿಯೂತ ಇಳಿಸುವ ಸ್ಟಿರಾಯ್ಡ್ ಮುಲಾಮನ್ನು ಹುಳುಕಡ್ಡಿಗೆ ಹಚ್ಚಿದರೆ ನವೆ ಅಡಗುತ್ತದೆ, ಕೆಂಪು ಇಳಿಯುತ್ತದೆ, ಶಿಲೀಂಧ್ರ ಮಾತ್ರ ಹರಡುತ್ತಲೇ ಇರುತ್ತದೆ. ಬಳೆಯಂತಹ ಅಂಚು ಮಾಸಿಹೋಗಿ ಕೊನೆಗೆ ವೈದ್ಯರಿಗೂ ಗುರುತು ಹಿಡಿಯುವುದು ಕಷ್ಟ. ಕ್ಲೊಬೆಟಸಾಲ್ ತೀರ ಪ್ರಬಲವಾದ ಸ್ಟಿರಾಯ್ಡ್. ಅದಕ್ಕೆ ಶಿಲೀಂಧ್ರನಾಶಕ, ಪ್ರತಿಜೀವಕ ಬೆರೆಸಿದ ಟ್ಯೂಬುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂಬ ನಿಯಮವಿದ್ದರೂ ಅವು ಸುಲಭವಾಗಿ ಕೈಗೆ ಸಿಗುತ್ತವೆ. ಮುಖಕ್ಕೆ, ತೊಡೆಸಂದಿಗೆ ದಿನಗಟ್ಟಲೆ ಹಚ್ಚಿದರೆ ಚರ್ಮವೇ ತೆಳುವಾಗುತ್ತದೆ. ಆದ್ದರಿಂದ ಚೀಟಿಯಲ್ಲಿ ‘ದದ್ದು’ ಬಿಟ್ಟು ‘ಹುಳುಕಡ್ಡಿ’, ‘ಇಸುಬು’ ಎಂದೇ ಬೇರ್ಪಡಿಸಿ ಬರೆಯುವುದು ಸರಿ ಎಂಬುದು ನನ್ನ ಗಟ್ಟಿ ನಿಲುವು. ಆದರೆ ‘ಇಸುಬು’ ನಿಮ್ಮ ಊರಿನ ಮಾತಿನಲ್ಲಿ ಇನ್ನೂ ಉಳಿದಿದೆಯೇ? ‘ಹುಳುಕಡ್ಡಿ’ಯ ಬದಲು ‘ಗಜಕರ್ಣ’ ಎಂದರೆ ಹೆಚ್ಚು ಜನಕ್ಕೆ ತಿಳಿಯುತ್ತದೆಯೇ?

ಇನ್ನು ನವೆ, ತುರಿಕೆ, ಕೆರೆತ, ತೀಟೆ. ಉತ್ತರ ಕರ್ನಾಟಕದ ‘ತಿಂಡಿ’ ಮೈಸೂರಿನವರಿಗೆ ಉಪ್ಪಿಟ್ಟನ್ನು ನೆನಪಿಸುತ್ತದೆ. ಎಲ್ಲರಿಗೂ ತಿಳಿಯಲೆಂದು ‘ತುರಿಕೆ’ ಆರಿಸಿದ್ದೇನೆ. ಪತ್ರಿಕೆಗಳು ಬಳಸುವ ‘ಚರ್ಮದ ಕಿರಿಕಿರಿ’ ನನಗೆ ಒಪ್ಪಿಗೆಯಿಲ್ಲ. ತುರಿಕೆ ರೋಗದ ಲಕ್ಷಣ. ಮುಲಾಮು ಹಚ್ಚಿದ ಮೇಲೆ ಹೊಸದಾಗಿ ಕಾಣಿಸಿಕೊಳ್ಳುವ ಉರಿ, ಔಷಧ ಒಗ್ಗುತ್ತಿಲ್ಲ ಎಂಬುದರ ಸೂಚನೆಯಾಗಿರಬಹುದು. ಎರಡನ್ನೂ ‘ಕಿರಿಕಿರಿ’ ಎಂದುಬಿಟ್ಟರೆ ಯಾವಾಗ ನಿಲ್ಲಿಸಬೇಕೆಂದು ಓದುಗರಿಗೆ ಹೇಗೆ ತಿಳಿಯಬೇಕು?

ಕ್ರಿಯಾಪದವೂ ಮುಖ್ಯ. ‘ಲೇಪಿಸಿ’ ಎಂದರೆ ಗಂಧದ ಹಾಗೆ ದಪ್ಪಗೆ ಮೆತ್ತುತ್ತಾರೆ, ‘ತಿಕ್ಕಿ’ ಎಂದರೆ ಕೆಂಪಾದ ಚರ್ಮವನ್ನು ಇನ್ನಷ್ಟು ನೋಯಿಸುತ್ತಾರೆ. ‘ತೆಳುವಾಗಿ ಸವರಿ’ ಎಂದು ಬರೆದಿದ್ದೇನೆ.

ಅಳತೆಯ ಪದವೊಂದು ಉಳಿದಿದೆ. ವಯಸ್ಕರ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಟ್ಯೂಬಿನಿಂದ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ. ಬೆರಳುಗಳೂ ಸೇರಿ ವಯಸ್ಕರ ಎರಡು ಅಂಗೈಯಷ್ಟು ಚರ್ಮಕ್ಕೆ ಅದು ಸಾಕು. ‘ಗೆಣ್ಣು’ ಎಂದರೆ ಕೀಲು. ಕೀಲಿನಿಂದ ತುದಿಯವರೆಗಿನ ಆ ತುಂಡಿಗೆ ‘ಪರ್ವ’ಕ್ಕಿಂತ ಸರಳವಾದ ಆಡುಮಾತು ನಿಮ್ಮ ಕಡೆ ಇದ್ದರೆ ದಯವಿಟ್ಟು ತಿಳಿಸಿ.